ಫೈಟೋ ಮಹಾಶಯರ ಸನ್ನಿಧಿಗೆ, ತುಂಗಭದ್ರೆಯ ದಡದಿಂದ

ತೀರ್ಥರೂಪು ಸಮಾನರಾದ ಸಸ್ಯ ಆರೋಗ್ಯ ಪ್ರಮಾಣಪತ್ರದವರ ಸನ್ನಿಧಿಗೆ,

ರಾಣೆಬೆನ್ನೂರು ಸೀಮೆಯಲ್ಲಿ ಗೋವಿನಜೋಳದ ಬೀಜ ಬೆಳೆಯುವವನೊಬ್ಬ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮವನ್ನು ಕೇಳಿ ಬರೆಯುವುದು ನಮ್ಮ ಕಡೆಯ ಪದ್ಧತಿ. ಆದರೆ ನಮ್ಮೆಲ್ಲರ ಕ್ಷೇಮವನ್ನು ಬರೆದು ಮುದ್ರೆ ಒತ್ತಿಸಿಕೊಂಡು ಸಮುದ್ರ ದಾಟುವವರೇ ತಾವು. ಹಾಗಾಗಿ ಆ ಪ್ರಶ್ನೆಯನ್ನು ತಮಗೆ ಕೇಳುವುದು ಹೇಗೆಂದು ತಿಳಿಯದೆ ನೇರವಾಗಿ ವಿಷಯಕ್ಕೆ ಬರುತ್ತೇನೆ. ಕ್ಷಮೆಯಿರಲಿ.

ಬೀಜದ ಗೋದಾಮುಗಳಲ್ಲಿ ತಮ್ಮನ್ನು ಎಲ್ಲರೂ 'ಫೈಟೋ' ಎಂದೇ ಕರೆಯುತ್ತಾರೆ. ಲೋಡು ಕಟ್ಟುವ ಹಮಾಲರಿಂದ ಹಿಡಿದು ಲೆಕ್ಕ ಬರೆಯುವವರವರೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಫೈಟೋ ಬಂತೇನ್ರಿ?" ತಾವು ಬಂದರೆ ಲಾರಿ ಬಂದರಿನ ಕಡೆಗೆ ಹೊರಡುತ್ತದೆ. ಬಾರದಿದ್ದರೆ ಚೀಲಗಳು ಇದ್ದಲ್ಲೇ ಇರುತ್ತವೆ. ತಮ್ಮ ಹಾಳೆಯ ಮೇಲೆ ನಮ್ಮ ಬೆಳೆಗೆ ಇರುವ ಹೆಸರು 'ಜಿಯಾ ಮೇಸ್'. ಮೈಸೂರು ಕಡೆಯವರು ಇದನ್ನು ಮುಸುಕಿನ ಜೋಳ ಅನ್ನುತ್ತಾರೆ. ಸರ್ಕಾರಿ ಕಡತದಲ್ಲಿ ಇದು ಮೆಕ್ಕೆಜೋಳ. ನಮ್ಮ ಮನೆಗಳಲ್ಲಿ ಗೋವಿನಜೋಳ. ತಾವು ಒಪ್ಪುವುದು ಲ್ಯಾಟಿನ್ ಹೆಸರೊಂದನ್ನೇ. ಜಗತ್ತಿನ ಯಾವ ಬಂದರಿನಲ್ಲೂ ಗೊಂದಲವಾಗಬಾರದು ಎಂಬ ಕಾರಣಕ್ಕೆ ಅದು ಸರಿಯೇ. ಆ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

ಮೊದಲು ಕೃತಜ್ಞತೆ ಹೇಳಬೇಕು, ಅದು ಬಾಯಿಮಾತಿನದಲ್ಲ. 1951ರ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದ ತಮಗೆ ಒಂದೇ ಮಾದರಿಯ ರೂಪ ಕೊಟ್ಟಿತು. ಇಂದು 180ಕ್ಕೂ ಹೆಚ್ಚು ದೇಶಗಳು ಆ ಒಪ್ಪಂದದಲ್ಲಿವೆ. ನಮ್ಮ ದೇಶದಲ್ಲಿ ಅದಕ್ಕೂ ಮೊದಲೇ, 1914ರಲ್ಲೇ, ಬೆಳೆ ಹಾಳುಮಾಡುವ ಕೀಟ ಮತ್ತು ಪಿಡುಗುಗಳ ವಿರುದ್ಧ ಕಾಯ್ದೆ ಬಂದಿತ್ತು. ತಾವಿಲ್ಲದ ಕಡೆ ಏನಾಗುತ್ತದೆಂದು ತಿಳಿಯಲು ನಾನು ದೂರ ಹೋಗಬೇಕಾಗಿಲ್ಲ. ನಮ್ಮ ಹೊಲದ ಬದುವಿನ ಮೇಲೆ ಬಿಳಿ ಹೂ ಬಿಟ್ಟು ನಿಂತಿರುವ ಪಾರ್ಥೇನಿಯಂ ಸಾಕು. 1955ರಲ್ಲಿ ಪುಣೆಯಲ್ಲಿ ಅದನ್ನು ಗುರುತಿಸಿದರು. ಹೊರದೇಶದ ಗೋಧಿಯ ಜೊತೆ ಅದರ ಬೀಜ ಬಂದಿರಬೇಕೆಂದು ಬಲ್ಲವರು ಹೇಳುತ್ತಾರೆ. ಕಳೆ ಕಿತ್ತು ಕಿತ್ತು ಮೈತುಂಬ ತುರಿಕೆ ಹತ್ತಿಸಿಕೊಂಡ ನಮ್ಮೂರ ಹೆಣ್ಣುಮಕ್ಕಳಿಗೆ, ಧಾನ್ಯದ ಚೀಲದಲ್ಲಿ ಅಡಗಿ ಬರುವ ಒಂದು ಹಿಡಿ ಕಳೆಬೀಜ ಎಂಥ ಅನಾಹುತ ಎಂದು ಯಾರೂ ಪಾಠ ಹೇಳಬೇಕಿಲ್ಲ.

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಫಾಲ್ ಸೈನಿಕ ಹುಳು ಕಂಡಾಗಲೂ ತಮ್ಮ ನೆನಪಾಯಿತು. ಭಾರತದಲ್ಲಿ ಅದು ಮೊದಲು ಕಂಡದ್ದು ಅಲ್ಲೇ, ನಮ್ಮಿಂದ ಒಂದು ಬಸ್ಸಿನ ದೂರದಲ್ಲಿ. ಮುಂದಿನ ಹಂಗಾಮಿಗೆ ನಮ್ಮ ಸುಳಿಗಳಲ್ಲೂ ಹಿಕ್ಕೆ ತುಂಬಿತ್ತು. ಆ ಪತಂಗ ರಾತ್ರಿ ಗಾಳಿ ಹಿಡಿದು ಹಾರುತ್ತದೆ, ಅದನ್ನು ಮುದ್ರೆಯೊತ್ತಿದ ಕಾಗದ ತಡೆಯಲಾರದು. ಅದಕ್ಕಾಗಿ ತಮ್ಮನ್ನು ದೂರುವುದು ಅನ್ಯಾಯ.

ಆದರೆ ಕೀನ್ಯಾದ ಬೊಮೆಟ್ ಸೀಮೆಯಲ್ಲಿ 2011ರಲ್ಲಿ ನಡೆದದ್ದು ಬೇರೆ. ಅಲ್ಲಿ ಎರಡು ವೈರಸ್‌ಗಳು ಒಂದೇ ಗಿಡದಲ್ಲಿ ಕೂಡಿಕೊಂಡವು. ಒಂದು ಮೇಜ್ ಕ್ಲೋರೋಟಿಕ್ ಮಾಟಲ್ ವೈರಸ್, ಇನ್ನೊಂದು ಕಬ್ಬಿನ ಮೊಸಾಯಿಕ್ ವೈರಸ್. ಬಿಡಿಬಿಡಿಯಾಗಿ ಬಂದರೆ ಗಿಡ ಹೇಗೋ ತಡೆದುಕೊಳ್ಳುತ್ತದೆ. ಎರಡೂ ಸೇರಿದರೆ ಎಲೆ ಅಂಚಿನಿಂದ ಒಣಗುತ್ತ ಬರುತ್ತದೆ, ಹಸಿ ಇರಬೇಕಾದ ವಯಸ್ಸಿನಲ್ಲೇ ತೆನೆಯ ಮುಸುಕು ಒಣಗುತ್ತದೆ, ಒಳಗೆ ಕಾಳೇ ಇರುವುದಿಲ್ಲ. ಅಲ್ಲಿಂದ ಅದು ಟಾಂಜಾನಿಯಾ, ಉಗಾಂಡಾ, ರುವಾಂಡಾ, ಇಥಿಯೋಪಿಯಾಗಳಿಗೂ ಹರಡಿತು. ಮೊದಲ ವೈರಸ್ ಬೀಜದ ಮೂಲಕ ಹೋಗುವುದು ಅತಿ ಕಡಿಮೆ. ಹಿಂದೆ ನಡೆದ ಒಂದು ಪರೀಕ್ಷೆಯಲ್ಲಿ 42,000 ಸಸಿಗಳಲ್ಲಿ ಅದು ಸಿಕ್ಕಿದ್ದು 17ರಲ್ಲಿ. ಆದರೆ ಆ ಹದಿನೇಳೇ ಸಾಕು, ಹೊಸ ನೆಲದಲ್ಲಿ ಥ್ರಿಪ್ಸ್ ಕೀಟ ಉಳಿದ ಕೆಲಸ ಮಾಡುತ್ತದೆ. ಅದರ ಜೊತೆಗಾರನಾದ ಕಬ್ಬಿನ ಮೊಸಾಯಿಕ್ ನಮ್ಮ ದೇಶದ ಕಬ್ಬಿನಲ್ಲಿ ಮೊದಲಿನಿಂದಲೂ ಇದೆ. ನಮ್ಮ ಕಡೆ ಕಬ್ಬಿನ ಗದ್ದೆಗೂ ಗೋವಿನಜೋಳದ ಹೊಲಕ್ಕೂ ನಡುವೆ ಎಷ್ಟೋ ಸಲ ಇರುವುದು ಒಂದು ಬದು ಮಾತ್ರ. ಹಾಗಾಗಿ ಒಳಗೆ ಬರುವ ಬೀಜದ ಮುಂದೆ ತಾವು ಬಾಗಿಲಲ್ಲಿ ಎಷ್ಟು ಬಿಗಿಯಾಗಿ ನಿಂತರೂ ನನಗೆ ಸಂತೋಷ. ಹೊರಗೆ ಹೋಗುವ ನಮ್ಮ ಬೀಜವನ್ನೂ ಅಷ್ಟೇ ಬಿಗಿಯಾಗಿ ನೋಡಬೇಕೆಂಬುದು ನ್ಯಾಯ. ಇನ್ನೊಬ್ಬ ರೈತನ ಹೊಲವೂ ಹೊಲವೇ.

ಇಷ್ಟೆಲ್ಲ ಭಕ್ತಿ ಇಟ್ಟುಕೊಂಡೇ ಈಗ ನನ್ನ ಅಹವಾಲು.

ಮಹಾಶಯರೇ, ತಾವು ಬರುವ ಹೊತ್ತು ಸರಿಯಿಲ್ಲ.

ಬೀಜದ ಪ್ಲಾಟ್ ಎಂದರೆ ಏನೆಂದು ತಮಗೆ ಯಾರೂ ಹೇಳಿರಲಿಕ್ಕಿಲ್ಲ. ನಾಲ್ಕು ಹೆಣ್ಣು ಸಾಲು, ಒಂದು ಗಂಡು ಸಾಲು, ಮತ್ತೆ ನಾಲ್ಕು ಹೆಣ್ಣು ಸಾಲು. ಸುತ್ತ 200 ಮೀಟರ್ ಒಳಗೆ ಬೇರೆ ಗೋವಿನಜೋಳ ಇರಬಾರದು. ಇದ್ದರೆ ಆ ಪರಾಗ ಬಂದು ತಳಿ ಕೆಡುತ್ತದೆ. ಅದಕ್ಕೇ ಊರಿನ ಮಳೆಗಾಲದ ಬೆಳೆಯೆಲ್ಲ ಮುಗಿದ ಮೇಲೆ, ಹೊಳೆಯ ನೀರನ್ನು ನಂಬಿ ನಾವು ಹಿಂಗಾರಿನಲ್ಲಿ ಬಿತ್ತುತ್ತೇವೆ. ಸೂಲಂಗಿ, ಅಂದರೆ ಗಿಡದ ತುದಿಯ ಗಂಡು ಹೂ, ಇಣುಕುವ ಕಾಲ ಬಂದರೆ ಹತ್ತು ಹನ್ನೆರಡು ದಿನ ಹೊಲದಲ್ಲೇ ಬೆಳಗಾಗುತ್ತದೆ. ಹೆಣ್ಣು ಸಾಲಿನ ಒಂದೊಂದು ಗಿಡದ ಸೂಲಂಗಿಯನ್ನೂ ಪರಾಗ ಉದುರುವ ಮೊದಲೇ ಕೈಯಿಂದ ಎಳೆದು ತೆಗೆಯಬೇಕು. ನಮ್ಮ ಹೆಣ್ಣುಮಕ್ಕಳು ಮಂಜು ಆರುವ ಮೊದಲೇ ಸಾಲಿಗೆ ಇಳಿಯುತ್ತಾರೆ. ಒಂದು ಗಿಡ ತಪ್ಪಿದರೆ ಮರುದಿನ ಬಂದು ಅದನ್ನೇ ಹುಡುಕುತ್ತಾರೆ. ಆ ಹನ್ನೆರಡು ದಿನಗಳಲ್ಲಿ ಹೆಣ್ಣು ಸಾಲಿನ ಪ್ರತಿಯೊಂದು ಗಿಡದ ಮುಂದೆಯೂ ಒಬ್ಬ ಮನುಷ್ಯ ನಿಂತು ಅದನ್ನು ನೋಡಿರುತ್ತಾನೆ. ಒಂದು ಸಲವಲ್ಲ, ನಾಲ್ಕೈದು ಸಲ.

ಕೇದಿಗೆ ರೋಗ ಬಂದ ಗಿಡ ಅವರ ಕಣ್ಣಿಗೆ ತಪ್ಪುವುದಿಲ್ಲ. ಎಲೆ ಕೇದಿಗೆ ಗರಿಯ ಹಾಗೆ ಬಿಳಿಚಿಕೊಂಡು ನೆಟ್ಟಗೆ ನಿಂತಿರುತ್ತದೆ. ಬೆಳಗಿನ ಹೊತ್ತು ಎಲೆಯ ಅಡಿಯಲ್ಲಿ ಬೂದಿ ಸವರಿದಂಥ ಬಿಳಿ ಬೂಷ್ಟು ಕಾಣುತ್ತದೆ, ಬಿಸಿಲೇರಿದರೆ ಅದು ಮಾಯ. ಎಲೆಯ ಮೇಲೆ ದೋಣಿಯಾಕಾರದ ಉದ್ದ ಮಚ್ಚೆ ಇದ್ದರೆ ಅದು ಟರ್ಸಿಕಂ ಎಲೆ ಅಂಗಮಾರಿ. ಹೂ ಬಿಟ್ಟ ಮೇಲೆ ದಂಟು ಬುಡದಿಂದ ಒಣಗುತ್ತ ಬಂದರೆ ಅದು ಸೊರಗು ರೋಗ. ರೋಗಗಳ ಸಾಕ್ಷ್ಯವೆಲ್ಲ ಆ ದಿನಗಳಲ್ಲಿ, ಆ ಎಲೆಗಳ ಮೇಲೆ, ಹಸಿಯಾಗಿ ಕಣ್ಣೆದುರು ಇರುತ್ತದೆ.

ಆಗ ತಾವು ಬರುವುದಿಲ್ಲ.

ತಾವು ಬರುವುದು ತೆನೆ ಮುರಿದು, ಕಾಳು ಬಿಡಿಸಿ, ಒಣಗಿಸಿ, ಶ್ರೇಣಿ ಮಾಡಿ, ಚೀಲದ ಬಾಯಿ ಹೊಲಿದ ಮೇಲೆ. ಬಂದವರು ಕೈಯಲ್ಲಿ ಹಿಡಿದಿರುವ ಷರತ್ತಿನಲ್ಲಿ ಹೀಗಿರುತ್ತದೆ: 'ಈ ಬೀಜದ ತಾಯಿ ಬೆಳೆಯನ್ನು ಬೆಳವಣಿಗೆಯ ಕಾಲದಲ್ಲಿ ಅಧಿಕಾರಿಗಳು ಪರಿಶೀಲಿಸಿದ್ದಾರೆ, ರೋಗ ಕಂಡುಬಂದಿಲ್ಲ.' ಆ ಬೆಳೆ ಈಗ ಎಲ್ಲಿದೆ? ದಂಟನ್ನು ದನ ತಿಂದಾಯಿತು. ಬೆಂಡು ಒಲೆಗೆ ಹೋಯಿತು. ಹೊಲ ಉತ್ತು ಮುಂಗಾರಿಗೆ ಕಾಯುತ್ತಿದೆ. ಇಲ್ಲದ ಬೆಳೆಯ ಬಗ್ಗೆ ಯಾವ ಅಧಿಕಾರಿ ತಾನೇ ಸಹಿ ಹಾಕಿಯಾನು? ಹಾಕಬಾರದು ಕೂಡ. ಸಹಿ ಹಾಕದ ಅಧಿಕಾರಿಯ ಬಗ್ಗೆ ನನಗೆ ಗೌರವವಿದೆ, ಅವರು ಸುಳ್ಳು ಬರೆಯಲಿಲ್ಲ. ನನ್ನ ಅಳಲಿರುವುದು ಪ್ರಶ್ನೆ ಕೇಳಿದ ಗಳಿಗೆಯ ಬಗ್ಗೆ.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಹನ್ನೊಂದು ಮನೆಯವರು ಸೇರಿ ಒಂದು ಕಂಪನಿಗಾಗಿ ಬೀಜ ಬೆಳೆದೆವು. ಬೆಳೆ ಚೆನ್ನಾಗಿತ್ತು. ರಾಶಿ ಮಾಡಿ ಬೀಜ ಗೋದಾಮಿಗೆ ಹೋದ ಮೇಲೆ ಹೊರದೇಶದ ಖರೀದಿದಾರರು ಸಿಕ್ಕಿದ್ದಾರೆಂಬ ಸುದ್ದಿ ಬಂತು. ಊರಲ್ಲಿ ಖುಷಿಯೋ ಖುಷಿ. ಆಮೇಲೆ ಆ ದೇಶದ ಆಮದು ಪರವಾನಗಿ ಬಂತು, ಅದರಲ್ಲಿ ಮೇಲೆ ಹೇಳಿದ ಸಾಲಿತ್ತು. ನಮ್ಮ ಹೊಲಗಳಿಗೆ ಆ ವರ್ಷ ಯಾವ ಸಸ್ಯರೋಗ ಪರಿಶೀಲನೆಯೂ ನಡೆದಿರಲಿಲ್ಲ. ಬೇಕಾಗುತ್ತದೆಂದು ಯಾರೂ ಮೊದಲೇ ಹೇಳಿರಲಿಲ್ಲ. ಬೀಜ ವಾಪಸು ಬಂತು, ಔಷಧಿ ಲೇಪಿಸದ ಬೀಜವಾದ್ದರಿಂದ ಕೊನೆಗೆ ಕೋಳಿ ಆಹಾರದ ಕಾಳಾಗಿ ಪೇಟೆಗೆ ಹೋಯಿತು. ತಾಯಿ ತಳಿಯ ಗಿಡ ಮೊದಲೇ ಕುಳ್ಳು, ಅದರ ಇಳುವರಿ ಮಾಮೂಲಿ ಬೆಳೆಗೆ ಹೋಲಿಸಿದರೆ ತೀರ ಕಡಿಮೆ. ಬೀಜದ ದರ ಸಿಕ್ಕರೆ ಮಾತ್ರ ಆ ದುಡಿಮೆ ಗಿಟ್ಟುತ್ತದೆ. ಕಾಳಿನ ದರದಲ್ಲಿ ಸೂಲಂಗಿ ಕಿತ್ತವರ ಕೂಲಿಯೂ ಹುಟ್ಟಲಿಲ್ಲ.

ನಮ್ಮವ್ವ ಅವತ್ತು ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಹೊಲದಾಗ ಬೆಳಿ ನಿಂತಾಗ ಬಾರದವರು, ಚೀಲ ಹೊಲಿದ ಮ್ಯಾಲೆ ಬಂದು ಏನ್ ನೋಡ್ತಾರ?"

ಮಹಾಶಯರೇ, ಈ ಪ್ರಶ್ನೆಯನ್ನು ತಮ್ಮ ಪಾದಕ್ಕೆ ಒಪ್ಪಿಸಲೆಂದೇ ಈ ಪತ್ರ ಬರೆಯುತ್ತಿದ್ದೇನೆ. ತಮ್ಮ ಮನೆಯ ದೊಡ್ಡವರಿಗೂ ಇದು ಗೊತ್ತಿದೆ. 2017ರಲ್ಲಿ ಒಪ್ಪಂದದ ದೇಶಗಳು ಬೀಜಗಳ ಸಾಗಣೆಗೆಂದೇ 38ನೇ ಮಾನದಂಡವನ್ನು ಅಂಗೀಕರಿಸಿದವು. ತಿನ್ನುವ ಕಾಳು ಬೇರೆ, ಬಿತ್ತುವ ಬೀಜ ಬೇರೆ ಎಂದು ಅದು ಬಿಡಿಸಿ ಹೇಳುತ್ತದೆ. ಬೀಜ ಬೆಳೆಯುವಾಗ ಅದು ಯಾವ ದೇಶಕ್ಕೆ ಹೋಗುತ್ತದೆಂದು ಗೊತ್ತಿರುವುದಿಲ್ಲ, ವರ್ಷಗಟ್ಟಲೆ ದಾಸ್ತಾನಿನಲ್ಲಿದ್ದು ಮೂರನೆಯ ದೇಶಕ್ಕೂ ಹೋಗಬಹುದು, ಹಾಗಾಗಿ ಹೊಲದಲ್ಲಿ ಕಂಡದ್ದನ್ನು ಆಗಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು ಎಂಬ ವಿವೇಕವೂ ಅದರಲ್ಲಿದೆ. ಓದಿದಾಗ ಕಣ್ಣು ತುಂಬಿತು. ನಮ್ಮವ್ವನ ಮಾತನ್ನೇ ಯಾರೋ ರೋಮ್‌ನಲ್ಲಿ ಕೂತು ಬರೆದ ಹಾಗಿತ್ತು. ಆ ಮಾನದಂಡ ನಮ್ಮ ಹೊಲದ ಬದುವಿನವರೆಗೆ ನಡೆದು ಬರಲಿ ಎಂಬುದಷ್ಟೇ ನನ್ನ ಬೇಡಿಕೆ.

ಇನ್ನು ತಮ್ಮ ಪಟ್ಟಿಗಳ ವಿಷಯ. ಬೀಜದ ಮೂಲಕ ಬರುವ ರೋಗಗಳ ಬಗ್ಗೆ ಎಷ್ಟು ಬೇಕಾದರೂ ಕೇಳಿ. ಸ್ಟೀವರ್ಟ್ ಸೊರಗು ರೋಗ 1897ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಬೆಳಕಿಗೆ ಬಂದದ್ದು. ಅದರ ಬ್ಯಾಕ್ಟೀರಿಯಾ ಬೀಜದಲ್ಲಿ ಅಪರೂಪಕ್ಕೆ ಕೂತು ಬರುತ್ತದೆ, ಆದ್ದರಿಂದ ಎಷ್ಟೋ ದೇಶಗಳು ಅದರ ಬಗ್ಗೆ ಹೇಳಿಕೆ ಕೇಳುತ್ತವೆ. ಯುರೋಪ್ ಒಕ್ಕೂಟದವರು ಇದಕ್ಕೆ ಎರಡು ದಾರಿ ಇಟ್ಟಿದ್ದಾರೆ: ಆ ರೋಗವಿಲ್ಲದ ಪ್ರದೇಶದಲ್ಲಿ ಬೆಳೆದದ್ದೆಂದು ತೋರಿಸಿ, ಇಲ್ಲವೇ ಬೀಜದ ಮಾದರಿ ಪರೀಕ್ಷಿಸಿ ಇಲ್ಲವೆಂದು ತೋರಿಸಿ. ಒಂದು ದಾರಿ ಮುಚ್ಚಿದರೆ ಇನ್ನೊಂದು ತೆರೆದಿರುತ್ತದೆ. ಇಂಥ ಷರತ್ತಿಗೆ ನಾನು ತಲೆಬಾಗುತ್ತೇನೆ. ಆದರೆ ಕೆಲವು ಪಟ್ಟಿಗಳಲ್ಲಿ ಕಾಂಡ ಕೊರೆಯುವ ಹುಳು, ಸುಳಿ ತಿನ್ನುವ ಹುಳುಗಳ ಹೆಸರೂ ಇರುತ್ತವೆ. ಒಣಗಿಸಿ, ಜರಡಿ ಹಿಡಿದು, ಔಷಧಿ ಲೇಪಿಸಿದ ಕಾಳಿನಲ್ಲಿ ಸುಳಿ ತಿನ್ನುವ ಹುಳು ಎಲ್ಲಿ ಕೂರಬೇಕು? ಬೀಜದಲ್ಲಿ ಹೋಗಲಾರದ ಪಿಡುಗಿಗೆ ಬೀಜದಿಂದ ಜವಾಬು ಕೇಳುವುದನ್ನು ದಯವಿಟ್ಟು ಬಿಡಿ. ಕುಲಾಂತರಿ ಅಲ್ಲವೆಂದು ಬರೆದುಕೊಡಿ ಎಂದು ತಮ್ಮ ಹೆಗಲ ಮೇಲೆಯೇ ಹೇರುವವರೂ ಇದ್ದಾರೆ. ಕುಲಾಂತರಿಯೋ ಅಲ್ಲವೋ ಎಂಬುದು ಸಸ್ಯದ ಆರೋಗ್ಯದ ಪ್ರಶ್ನೆಯಲ್ಲ, ಅದಕ್ಕೆ ಬೇರೆ ಕಾಗದವಿರಲಿ.

ಹೆಸರುಗಳ ಕಾಟವೂ ಇದೆ. ಸ್ಟೀವರ್ಟ್ ಸೊರಗಿನ ಬ್ಯಾಕ್ಟೀರಿಯಾ ಮೊದಲು ಎರ್ವಿನಿಯಾ ಆಗಿತ್ತು, ಈಗ ಪ್ಯಾಂಟೋಯಿಯಾ. ಟರ್ಸಿಕಂ ಶಿಲೀಂಧ್ರ ಹೆಲ್ಮಿಂಥೋಸ್ಪೋರಿಯಂನಿಂದ ಎಕ್ಸೆರೋಹಿಲಂ ಆಯಿತು. ತಡವಾಗಿ ಸೊರಗಿಸುವ ರೋಗದ ಶಿಲೀಂಧ್ರಕ್ಕೆ ನನಗೆ ಗೊತ್ತಿರುವ ಹೆಸರುಗಳೇ ಮೂರು. ಪ್ರಯೋಗಾಲಯದವರು ಹೊಸ ಹೆಸರು ಬರೆಯುತ್ತಾರೆ, ಆಮದು ಪರವಾನಗಿಯಲ್ಲಿ ಹಳೆಯದು ಇರುತ್ತದೆ. ಅಕ್ಷರಕ್ಕೆ ಅಕ್ಷರ ಕೂಡದಿದ್ದರೆ ಆ ತುದಿಯ ಬಂದರಿನಲ್ಲಿ ಸಂಶಯ ಏಳುತ್ತದೆ. ರೋಗ ಒಂದೇ ಎಂದು ತಮಗೆ ಗೊತ್ತಿದೆ. ಒಂದು ಮಾತು ಆ ಕಡೆಯವರಿಗೂ ತಿಳಿಸಿ.

ಮಾದರಿ ಪರೀಕ್ಷೆಯ ಬಗ್ಗೆ ಒಂದಿಷ್ಟು ಹೆಚ್ಚು ಹೇಳಬೇಕಾಗಿದೆ, ಯಾಕೆಂದರೆ ಇದರಲ್ಲಿ ನನ್ನ ಭಯವೂ ಇದೆ. ಒಂದು ಕಿಲೋ ಗೋವಿನಜೋಳದ ಬೀಜದಲ್ಲಿ ಸುಮಾರು 3,500 ಕಾಳು. ಇಪ್ಪತ್ತು ಟನ್ನಿನ ಒಂದು ಕಂಟೇನರಿನಲ್ಲಿ ಏಳು ಕೋಟಿ ಕಾಳು, 2,500 ಎಕರೆಗೆ ಸಾಕಾಗುವ ಬೀಜ. ಚೀಲಗಳಿಗೆ ಬಂಬು ಚುಚ್ಚಿ ತೆಗೆದ ಮಾದರಿಯಿಂದ ಕೊನೆಗೆ ಪರೀಕ್ಷೆಗೆ ಹೋಗುವುದು ಕೆಲವು ನೂರು ಕಾಳು. ನೂರಕ್ಕೆ ಒಂದು ಕಾಳಿಗೆ ಸೋಂಕಿದ್ದರೆ 300 ಕಾಳಿನ ಮಾದರಿ ಅದನ್ನು ನೂರರಲ್ಲಿ 95 ಸಲ ಹಿಡಿದುಕೊಡುತ್ತದೆ. ಸಾವಿರಕ್ಕೆ ಒಂದಾದರೆ ಅಷ್ಟೇ ಭರವಸೆಗೆ 3,000 ಕಾಳು ಬೇಕು. ಮೇಲೆ ಹೇಳಿದೆನಲ್ಲ, 42,000ಕ್ಕೆ 17, ಅಂದರೆ ಹತ್ತು ಸಾವಿರಕ್ಕೆ ನಾಲ್ಕು. ಅಂಥದ್ದನ್ನು 400 ಕಾಳು ಮೊಳೆಯಿಸಿ ಹುಡುಕಿದರೆ ನೂರರಲ್ಲಿ 85 ಸಲ ಅದು ಕಣ್ತಪ್ಪಿಸಿಕೊಳ್ಳುತ್ತದೆ. ತಮ್ಮ ಹಾಳೆಯ ಮೇಲೆ 'ರೋಗಮುಕ್ತವೆಂದು ಪರಿಗಣಿಸಲಾಗಿದೆ' ಎಂಬ ಅರ್ಥದ ಮಾತಿರುತ್ತದೆ. 'ಮುಕ್ತವಾಗಿದೆ' ಎನ್ನದೆ 'ಪರಿಗಣಿಸಲಾಗಿದೆ' ಎಂದ ಪ್ರಾಮಾಣಿಕತೆಗೆ ನನ್ನ ನಮಸ್ಕಾರ. ಆದರೆ ಆ ಒಂದು ಶಬ್ದದ ಹಿಂದೆ ಎಷ್ಟು ಕಾಳು ಎಣಿಸಿದ್ದಾರೆಂಬುದನ್ನು ಆ ದೇಶದಲ್ಲಿ ನಮ್ಮ ಬೀಜ ಬಿತ್ತುವ ರೈತನಿಗೆ ಯಾರೂ ಹೇಳುವುದಿಲ್ಲ.

ಹನ್ನೆರಡು ದಿನ, ಎಕರೆಗೆ ಸಾವಿರಾರು ಗಿಡ, ಒಂದೊಂದರ ಮುಂದೆಯೂ ನಿಂತ ಕಣ್ಣುಗಳು. ಇದನ್ನು ಮುನ್ನೂರು ಕಾಳಿನ ಜೊತೆ ಇಟ್ಟು ತೂಗಿ ನೋಡಿ ಎಂದು ಬೇಡುತ್ತೇನೆ. ಕಣ್ಣಿಗೆ ಕಾಣದ ರೋಗಗಳಿಗೆ ಪ್ರಯೋಗಾಲಯ ಬೇಕೇ ಬೇಕು. ಕಾಣುವ ರೋಗಗಳಿಗಾದರೂ ಹೊಲವನ್ನು ನಂಬಿ. ಸೂಲಂಗಿ ಕೀಳುವ ಹೆಣ್ಣುಮಕ್ಕಳಿಗೆ ನಾಲ್ಕು ರೋಗದ ಬಣ್ಣದ ಚಿತ್ರ ತೋರಿಸಿ, ಕಂಡ ಗಿಡಕ್ಕೆ ಕೆಂಪು ದಾರ ಕಟ್ಟಿಸಿ, ಆಮೇಲೆ ಅಧಿಕಾರಿ ಬಂದು ದಾರ ಕಟ್ಟಿದ ಗಿಡಗಳನ್ನು ಮೊದಲು ನೋಡಲಿ, ಉಳಿದ ಸಾಲುಗಳಲ್ಲಿ ತನ್ನ ಕ್ರಮದಂತೆ ನಡೆಯಲಿ. ಪ್ರಮಾಣೀಕರಣಕ್ಕೆ ಬರೆಸಿದ ಪ್ಲಾಟುಗಳಿಗೆ ತಳಿಶುದ್ಧಿ ನೋಡಲು ಹೂವಿನ ಕಾಲದಲ್ಲಿ ಬೀಜ ಪ್ರಮಾಣೀಕರಣದವರು ಹೇಗೂ ಹಲವು ಸಲ ಬರುತ್ತಾರೆ. ಅದೇ ಜೀಪಿನಲ್ಲಿ ರೋಗ ಬಲ್ಲವರೊಬ್ಬರು ಕೂತು ಬಂದರೆ ತಮ್ಮ ಹಾಳೆಗೆ ಬೇಕಾದ ಅರ್ಧ ಉತ್ತರ ಅವತ್ತೇ ಸಿಗುತ್ತದೆ.

ಚೀಲಗಳಿಗೆ ವಿಷಾನಿಲದ ಹೊಗೆಯುಣಿಸುವ ವಿಷಯದಲ್ಲಿ ನಾನು ದೂರುವುದು ಕಡಿಮೆ. ದಾಸ್ತಾನಿನ ಕಾಳು ತಿನ್ನುವ ಖಾಪ್ರಾ ದುಂಬಿಯ ತವರು ನಮ್ಮ ಉಪಖಂಡವೇ ಎನ್ನುತ್ತಾರೆ. 1953ರಲ್ಲಿ ಅದು ಕ್ಯಾಲಿಫೋರ್ನಿಯಾದ ಗೋದಾಮುಗಳಲ್ಲಿ ಸಿಕ್ಕಾಗ ಅಲ್ಲಿಯವರು ಇಡೀ ಕಟ್ಟಡಗಳಿಗೇ ತಾಡಪಾಲು ಹೊದಿಸಿ ವಿಷಾನಿಲ ಬಿಟ್ಟರು. ನಿರ್ಮೂಲ ಮಾಡಲು 1966ರವರೆಗೆ ಹೆಣಗಿದರು. ಅದರ ಮರಿಹುಳು ತಿನ್ನಲು ಏನೂ ಇಲ್ಲದಿದ್ದರೂ ಗೋಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದು ಕೂರಬಲ್ಲದು. ಹಾಗಾಗಿ ನಮ್ಮಿಂದ ಹೊರಡುವ ಚೀಲವನ್ನು ಜಗತ್ತು ಅನುಮಾನದಿಂದ ನೋಡುವುದರಲ್ಲಿ ತಪ್ಪಿಲ್ಲ. ನನ್ನ ವಿನಂತಿ ಇಷ್ಟೇ: ಒಳಗಿರುವುದು ಹಿಟ್ಟಿಗೆ ಹೋಗುವ ಕಾಳಲ್ಲ, ಉಸಿರಾಡುವ ಬೀಜ. ಮೀಥೈಲ್ ಬ್ರೋಮೈಡ್ ಅನಿಲ ಹೆಚ್ಚಾದರೆ, ಬೀಜದಲ್ಲಿ ತೇವವಿದ್ದರೆ, ಹುಳುವಿನ ಜೊತೆ ಮೊಳಕೆಯೂ ಸಾಯುತ್ತದೆ. ಓಝೋನ್ ಪದರಕ್ಕೆ ಅದರಿಂದ ಆಗುವ ಹಾನಿಗಾಗಿ ಮಾಂಟ್ರಿಯಲ್ ಒಪ್ಪಂದ ಅದನ್ನು ಉಳಿದ ಬಳಕೆಗಳಿಂದ ಹಿಂದೆಗೆಸಿದೆ, ಕ್ವಾರಂಟೈನ್ ಕೆಲಸಕ್ಕೆ ವಿನಾಯಿತಿ ಉಳಿದಿದೆ. ಬೀಜಕ್ಕೆ ಫಾಸ್ಫೀನ್ ಒಗ್ಗುತ್ತದೆ ಎಂದು ತಿಳಿದಾಗಲೂ ಷರತ್ತಿನಲ್ಲಿ ಹಳೆಯ ಹೆಸರೊಂದೇ ಬರೆದಿದ್ದರೆ, ನಾವು ರೋಗವಿಲ್ಲದ ಬೀಜ ಕಳಿಸಿದ್ದೇವೆಂದು ಹೆಮ್ಮೆಪಡುವ ಹೊತ್ತಿಗೆ ಅಲ್ಲಿ ಯಾರದೋ ಸಾಲಿನಲ್ಲಿ ಮೊಳಕೆ ತಪ್ಪಿರುತ್ತದೆ. ಗಾಳಿಯಾಡುವ ಚೀಲಕ್ಕೆ ತೇವಾಂಶ ಶೇಕಡ 12 ಮೀರಬಾರದು, ಆವಿ ತೂರದ ಪೊಟ್ಟಣಕ್ಕೆ ಶೇಕಡ 8 ಮೀರಬಾರದು ಎಂದು ನಮಗೆ ಕಲಿಸಿದ್ದಾರೆ. ಅಷ್ಟು ಜೋಪಾನ ಮಾಡಿ ಒಣಗಿಸಿದ್ದು ತಮ್ಮ ದಾರಿ ನೋಡುತ್ತ ಕಡಲತೀರದ ತೇವದ ಗಾಳಿಯಲ್ಲಿ ವಾರಗಟ್ಟಲೆ ಕೂತರೆ ಹೊಟ್ಟೆ ಉರಿಯುತ್ತದೆ. ಗೋದಾಮಿನಲ್ಲೇ ಮಾದರಿ ತೆಗೆದು, ಅಲ್ಲೇ ಪರೀಕ್ಷೆ ಮುಗಿಸಿ, ಆಮೇಲೆ ಲಾರಿ ಹೊರಡುವಂತಾಗಲಿ.

ಕೊನೆಯದು ಚಿಕ್ಕ ಮಾತು, ಆದರೆ ನನಗೆ ಚಿಕ್ಕದಲ್ಲ. ತಮ್ಮ ಹಾಳೆಯಲ್ಲಿ ರಫ್ತುದಾರರ ಹೆಸರಿಗೆ ಜಾಗವಿದೆ, ಪಡೆಯುವವರ ಹೆಸರಿಗಿದೆ, ಹಡಗಿಗಿದೆ, ಇಳಿಯುವ ಬಂದರಿಗಿದೆ, ಚೀಲದ ಗುರುತಿಗಿದೆ, ಬಳಸಿದ ಔಷಧಿಗೂ ಅದರ ಪ್ರಮಾಣಕ್ಕೂ ಇದೆ. ಬೆಳೆದ ಸ್ಥಳ ಎಂಬ ಕಡೆ ಎಷ್ಟೋ ಸಲ 'ಭಾರತ' ಎಂದು ಬರೆದು ಮುಗಿಸುತ್ತಾರೆ. ಅಷ್ಟು ದೊಡ್ಡ ಹೆಸರಿನೊಳಗೆ ನಮ್ಮ ಹಾವೇರಿ ಜಿಲ್ಲೆಯೂ ಇಲ್ಲ, ಹೊಳೆಯ ದಡವೂ ಇಲ್ಲ, ಮಂಜಿನಲ್ಲಿ ಸಾಲಿಗೆ ಇಳಿದವರೂ ಇಲ್ಲ. ಜಿಲ್ಲೆಯ ಹೆಸರು, ಪ್ಲಾಟಿನ ನಂಬರು ಬರೆಯಿಸಿ. ಅದು ಮರ್ಯಾದೆಯ ಮಾತು ಮಾತ್ರವಲ್ಲ. ನಾಳೆ ಯಾವುದೋ ದೇಶದ ಹೊಲದಲ್ಲಿ ಒಂದು ಬಿಳಿಚಿದ ಗಿಡ ಎದ್ದರೆ ಅವರು ಆ ನಂಬರು ಹಿಡಿದು ನೇರ ನಮ್ಮ ಬದುವಿಗೆ ಬಂದು ಕೇಳಬಹುದು. ನಂಬರಿಲ್ಲದಿದ್ದರೆ ಅವರು ಇಡೀ ಭಾರತದ ಬೀಜಕ್ಕೆ ಬಾಗಿಲು ಹಾಕುತ್ತಾರೆ, ತಪ್ಪು ಮಾಡದ ನೂರು ಊರಿನವರು ಹೊರಗೆ ನಿಲ್ಲುತ್ತಾರೆ.

ಷರತ್ತುಗಳನ್ನು ಬಿತ್ತುವ ಮೊದಲೇ ಕನ್ನಡದಲ್ಲಿ ಒಂದು ಹಾಳೆ ಮಾಡಿ ಕಳಿಸಿಕೊಡಬೇಕೆಂದೂ ಬೇಡಿಕೊಳ್ಳುತ್ತೇನೆ. ಯಾವ ಯಾವ ದೇಶ ಯಾವ ರೋಗ ಕೇಳುತ್ತದೆ, ಹೊಲದಲ್ಲಿ ಅದು ಹೇಗೆ ಕಾಣುತ್ತದೆ, ಯಾವ ವಯಸ್ಸಿನ ಬೆಳೆಯಲ್ಲಿ ಪರಿಶೀಲನೆ ಆಗಬೇಕು, ಇಷ್ಟಿದ್ದರೆ ಸಾಕು. ರೈತ ಸಂಪರ್ಕ ಕೇಂದ್ರದ ಗೋಡೆಗೆ ಅಂಟಿಸಿದರೆ ನಾವೇ ಓದಿಕೊಳ್ಳುತ್ತೇವೆ. ಆ ಹನ್ನೊಂದು ಮನೆಗಳಲ್ಲಿ ನಾಲ್ಕು ಮನೆಯವರು ಬೀಜದ ಪ್ಲಾಟು ಬಿಟ್ಟೇಬಿಟ್ಟರು. ಉಳಿದ ಏಳು ಮನೆಯವರು ಈ ಸಲವೂ ಬಿತ್ತುತ್ತಿದ್ದೇವೆ.

ಈ ಹಿಂಗಾರಿನಲ್ಲಿ ನವೆಂಬರ್ ಕೊನೆಗೆ ಬಿತ್ತನೆ. ಜನವರಿಯ ಕೊನೆಯ ವಾರ ಸೂಲಂಗಿ ಇಣುಕುತ್ತದೆ. ದಯಮಾಡಿ ಆಗ ಬನ್ನಿ. ಬೆಳಗ್ಗೆ ಆರೂವರೆಗೆಲ್ಲ ಹೊಲದಲ್ಲಿದ್ದರೆ ಒಳ್ಳೆಯದು, ಎಲೆಯ ಅಡಿಯ ಬಿಳಿ ಬೂಷ್ಟು ಬಿಸಿಲೇರಿದ ಮೇಲೆ ಕಾಣಸಿಗುವುದಿಲ್ಲ. ತುಂಬು ತೋಳಿನ ಅಂಗಿ ಹಾಕಿಕೊಂಡು ಬನ್ನಿ, ಎಲೆಯ ಅಂಚು ಕೈ ಗೀರುತ್ತದೆ. ಬುತ್ತಿಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ಇರುತ್ತದೆ. ಯಾವ ಸಾಲಿನಿಂದ ನೋಡಬೇಕೋ ಅಲ್ಲಿಂದ ಶುರು ಮಾಡಿ. ನಮ್ಮವ್ವ ಮುಂದೆ ನಡೆದು ತೋರಿಸುತ್ತಾಳೆ.

ಇತಿ ತಮ್ಮ ಆಗಮನವನ್ನೇ ಕಾಯುತ್ತಿರುವ,
ತಮ್ಮ ವಿಧೇಯ,
ಗೋವಿನಜೋಳದ ಬೀಜ ಬೆಳೆಯುವವನು